ಎಲೋಹೀಮ್: ಬಹುವಚನದ ಹೆಸರು, ಏಕವಚನದ ನಂಬಿಕೆ

ಹೀಬ್ರೂ ಬೈಬಲನ್ನು ತೆರೆದು, ಆ ಲಿಪಿಯ ಪದ್ಧತಿಯಂತೆ ಬಲದಿಂದ ಎಡಕ್ಕೆ ಓದತೊಡಗಿದವನಿಗೆ ಮೂರನೆಯ ಪದವಾಗಿಯೇ ಎದುರಾಗುವ ನಾಮಪದ ‘ಎಲೋಹೀಮ್’. ಜಗತ್ತನ್ನು ನಿರ್ಮಿಸಿದ ದೇವರನ್ನು ಆ ಗ್ರಂಥವು ಮೊತ್ತಮೊದಲು ಕರೆಯುವುದು ಈ ಹೆಸರಿನಿಂದ. ಆದಿಕಾಂಡದ ಆರಂಭದಲ್ಲಿರುವ ಸೃಷ್ಟಿಪ್ರಕರಣವೊಂದರಲ್ಲಿಯೇ ಇದು 35 ಸಲ ಬರುತ್ತದೆ. ಸಮಗ್ರ ಗ್ರಂಥದಲ್ಲಿ ಇದರ ಪ್ರಯೋಗಗಳು ಸುಮಾರು 2,600. ಇಷ್ಟು ವ್ಯಾಪಕವೂ ಇಷ್ಟು ಪೂಜ್ಯವೂ ಆದ ಈ ಪದವು ರೂಪದಿಂದ ಬಹುವಚನವೆಂಬುದನ್ನು ಮೊದಲ ಬಾರಿಗೆ ತಿಳಿದವರು ಬೆರಗಾಗುವುದು ಸಹಜ. ದೇವರು ಒಬ್ಬನೇ ಎಂಬ ತತ್ತ್ವವನ್ನು ಪ್ರಾಣಕ್ಕಿಂತ ಮಿಗಿಲಾಗಿ ಕಾಪಾಡಿಕೊಂಡು ಬಂದ ಜನಾಂಗವು ಆ ಒಬ್ಬನಿಗೆ ಬಹುವಚನದ ಹೆಸರನ್ನೇಕೆ ಇಟ್ಟಿತು? ಇದು ಹಿಂದೆ ಹಲವು ದೇವತೆಗಳನ್ನು ಪೂಜಿಸುತ್ತಿದ್ದ ಕಾಲದ ಅವಶೇಷವೇ? ಭಕ್ತಿಯಿಂದ ಹುಟ್ಟಿದ ಗೌರವಾರ್ಥಕ ರೂಪವೇ? ಅಥವಾ ದೈವದ ಸ್ವರೂಪವನ್ನು ಕುರಿತ ಯಾವುದಾದರೊಂದು ಗೂಢವಾದ ಸೂಚನೆಯೇ? ಶತಮಾನಗಳಿಂದ ವಿದ್ವಾಂಸರು ಚರ್ಚಿಸುತ್ತ ಬಂದಿರುವ ಈ ಪ್ರಶ್ನೆಗೆ ಉತ್ತರವನ್ನು ಅರಸಬೇಕಾದ ಮೊದಲನೆಯ ಸ್ಥಳ ದೇವತಾಶಾಸ್ತ್ರವಲ್ಲ, ವ್ಯಾಕರಣ.

ಪದದ ರೂಪವನ್ನು ಮೊದಲು ನೋಡೋಣ. ಆಲೆಫ್, ಲಾಮೆದ್, ಹೇ, ಯೋದ್, ಮೇಮ್ ಎಂಬ ಐದು ಅಕ್ಷರಗಳಿಂದ ಇದು ರಚಿತವಾಗಿದೆ. ಕೊನೆಯಲ್ಲಿರುವ ‘ಈಮ್’ ಎಂಬುದು ಹೀಬ್ರೂ ಭಾಷೆಯಲ್ಲಿ ಪುಲ್ಲಿಂಗ ಬಹುವಚನದ ಪ್ರತ್ಯಯ. ‘ಸೂಸ್’ ಎಂದರೆ ಕುದುರೆ, ‘ಸೂಸೀಮ್’ ಎಂದರೆ ಕುದುರೆಗಳು; ‘ಮೆಲೆಖ್’ ಎಂದರೆ ಅರಸ, ‘ಮೆಲಾಖೀಮ್’ ಎಂದರೆ ಅರಸರು. ಅದೇ ಕ್ರಮದಲ್ಲಿ ‘ಎಲೋಹೀಮ್’ ಎಂಬುದಕ್ಕೆ ಏಕವಚನ ‘ಎಲೋಅಹ್’. ಈ ಏಕವಚನರೂಪ ಬೈಬಲಿನಲ್ಲಿ ಇಲ್ಲವೆಂದಲ್ಲ. ಆದರೆ ಅದರ ಪ್ರಯೋಗಗಳು 60ಕ್ಕಿಂತ ಕಡಿಮೆ, ಮತ್ತು ಅವುಗಳಲ್ಲಿ ಹೆಚ್ಚಿನವು ಯೋಬನ ಗ್ರಂಥದ ಕಾವ್ಯಭಾಗದಲ್ಲಿಯೇ ಇವೆ. ಇವೆರಡರ ಜೊತೆಗೆ ‘ಏಲ್’ ಎಂಬ ಇನ್ನೊಂದು ಪ್ರಾಚೀನ ಶಬ್ದವೂ ಉಂಟು. ಅಕ್ಕಾಡಿಯನ್ ಭಾಷೆಯ ‘ಇಲು’, ಅರಮಾಯಿಕ್ ಭಾಷೆಯ ‘ಎಲಾಹ್’, ಅರಬ್ಬೀ ಭಾಷೆಯ ‘ಇಲಾಹ್’, ‘ಅಲ್ಲಾಹ್’ ಇವೆಲ್ಲವೂ ಒಂದೇ ಸೆಮಿಟಿಕ್ ಕುಲದ ಶಬ್ದಗಳು. ಹೀಗಾಗಿ ಇಸ್ರಾಯೇಲ್ಯರು ಹೊಸದೊಂದು ಹೆಸರನ್ನು ನಿರ್ಮಿಸಿಕೊಳ್ಳಲಿಲ್ಲ. ಸುತ್ತಮುತ್ತಲಿನ ಜನರ ನಾಲಗೆಯ ಮೇಲೆ ಬಹುಕಾಲದಿಂದ ಆಡುತ್ತಿದ್ದ ಶಬ್ದವನ್ನೇ ತಮ್ಮದನ್ನಾಗಿ ಮಾಡಿಕೊಂಡರು.

ಹೀಬ್ರೂವಿನಲ್ಲಿ ನಾಮಪದಕ್ಕೆ ಮಾತ್ರವಲ್ಲದೆ, ಅದರೊಡನೆ ಬರುವ ಕ್ರಿಯಾಪದಕ್ಕೂ ಗುಣವಾಚಕಕ್ಕೂ ಸರ್ವನಾಮಕ್ಕೂ ವಚನಭೇದ ಉಂಟು. ಈ ಒಂದು ಸಂಗತಿಯೇ ನಮ್ಮ ಸಮಸ್ಯೆಯ ಕೀಲಿಕೈ. ಆದಿಕಾಂಡದ ಮೊದಲ ವಾಕ್ಯದಲ್ಲಿ ‘ಎಲೋಹೀಮ್’ ಎಂಬ ಕರ್ತೃಪದಕ್ಕೆ ಹೊಂದಿ ಬಂದಿರುವ ಕ್ರಿಯಾಪದ ‘ಬಾರಾ’. ‘ಸೃಷ್ಟಿಸಿದನು’ ಎಂದು ಅದರ ಅರ್ಥ. ಪ್ರಥಮಪುರುಷ, ಪುಲ್ಲಿಂಗ, ಏಕವಚನ. ಹಲವರು ಸೃಷ್ಟಿಸಿದರೆಂದು ಹೇಳುವ ಉದ್ದೇಶವಿದ್ದಿದ್ದರೆ ‘ಬಾರೆಊ’ ಎಂದಿರಬೇಕಾಗಿತ್ತು. ಆ ಪ್ರಕರಣದ ಉದ್ದಕ್ಕೂ ನುಡಿದನು, ಕಂಡನು, ಬೇರ್ಪಡಿಸಿದನು, ಹೆಸರಿಟ್ಟನು, ಹರಸಿದನು ಎಂಬ ಕ್ರಿಯೆಗಳೆಲ್ಲ ಏಕವಚನದಲ್ಲಿಯೇ ಸಾಗುತ್ತವೆ. ಕೀರ್ತನೆಗಳ ಗ್ರಂಥದಲ್ಲಿ ‘ನೀತಿವಂತನಾದ ದೇವರು’ ಎಂಬ ಅರ್ಥದಲ್ಲಿ ‘ಎಲೋಹೀಮ್ ತ್ಸದ್ದೀಕ್’ ಎಂದಿದೆ. ಅಲ್ಲಿಯ ಗುಣವಾಚಕವೂ ಏಕವಚನ. ಇದಕ್ಕೆ ಪ್ರತಿಯಾಗಿ, ಅನ್ಯದೇವತೆಗಳ ಪೂಜೆಯನ್ನು ನಿಷೇಧಿಸುವ ದಶಾಜ್ಞೆಗಳಲ್ಲಿ ಬರುವ ಮಾತು ‘ಎಲೋಹೀಮ್ ಅಹೇರೀಮ್’. ಇಲ್ಲಿ ‘ಬೇರೆ’ ಎಂಬ ಗುಣವಾಚಕಕ್ಕೂ ‘ಈಮ್’ ಪ್ರತ್ಯಯ ಹತ್ತಿದೆ. ಆದುದರಿಂದ ಇಲ್ಲಿ ಅರ್ಥ ‘ಬೇರೆ ದೇವರುಗಳು’. ನಾಮಪದ ಎರಡು ಕಡೆಯಲ್ಲಿಯೂ ಒಂದೇ, ಅದರಲ್ಲಿ ಒಂದಕ್ಷರವೂ ಬದಲಾಗಿಲ್ಲ. ಅರ್ಥ ಮಾತ್ರ ಒಂದು ಧ್ರುವದಿಂದ ಇನ್ನೊಂದು ಧ್ರುವಕ್ಕೆ ಸರಿದಿದೆ. ಅದನ್ನು ಸರಿಸಿದ್ದು ಜೊತೆಗೆ ನಿಂತ ಪದ. ‘ಎಲೋಹೀಮ್’ ಎಂಬುದಕ್ಕೆ ಅರ್ಥವೇನೆಂದು ಕೇಳಿದರೆ, ಅದು ಯಾವ ವಾಕ್ಯದಲ್ಲಿದೆ ಎಂಬುದನ್ನು ಮೊದಲು ಹೇಳಿ ಎಂದು ಮರುಪ್ರಶ್ನೆ ಮಾಡಬೇಕಾಗುತ್ತದೆ.

ಬಹುವಚನವೆಂದರೆ ಒಂದಕ್ಕಿಂತ ಹೆಚ್ಚಾದ ವಸ್ತುಗಳ ಲೆಕ್ಕವೆಂದು ಶಾಲೆಯಲ್ಲಿ ಕಲಿತ ನಿಯಮ ಭಾಷೆಯ ನಿಜವಾದ ವ್ಯವಹಾರದಲ್ಲಿ ಪೂರ್ಣವಾಗಿ ನಿಲ್ಲುವುದಿಲ್ಲ. ಹೀಬ್ರೂವಿನಲ್ಲಿ ‘ಹಯ್ಯೀಮ್’ ಎಂದರೆ ಜೀವಿತ. ರೂಪ ಬಹುವಚನ, ಅರ್ಥ ಒಂದೇ ಬಾಳು. ‘ಪಾನೀಮ್’ ಎಂದರೆ ಮುಖ. ಒಬ್ಬನಿಗೆ ಇರುವುದು ಒಂದೇ ಮುಖವಾದರೂ ಆ ಪದಕ್ಕೆ ಬಳಕೆಯಲ್ಲಿ ಏಕವಚನವೇ ಇಲ್ಲ. ‘ನೆಊರೀಮ್’ ತಾರುಣ್ಯ, ‘ಝೆಕೂನೀಮ್’ ಮುಪ್ಪು, ಇವೂ ಬಹುವಚನಗಳೇ. ‘ರೆಹೆಮ್’ ಎಂದರೆ ಗರ್ಭಾಶಯ. ಅದೇ ಧಾತುವಿನಿಂದ ಬಂದ ‘ರಹಮೀಮ್’ ಎಂಬ ಬಹುವಚನಕ್ಕೆ ಕರುಣೆಯೆಂದು ಅರ್ಥ. ನೀರಿಗೆ ‘ಮಯೀಮ್’, ಆಕಾಶಕ್ಕೆ ‘ಶಾಮಯೀಮ್’. ಹರಡಿಕೊಂಡಿರುವುದನ್ನು, ತುಂಬಿ ತುಳುಕುವುದನ್ನು, ಬಿಡಿಬಿಡಿಯಾಗಿ ಎಣಿಸಲಾಗದಂತೆ ಒಟ್ಟಾಗಿರುವುದನ್ನು, ಗುಣವೊಂದರ ಸಾಂದ್ರತೆಯನ್ನು ಹೇಳುವುದಕ್ಕೆ ಆ ಭಾಷೆ ಬಹುವಚನದ ಅಚ್ಚನ್ನು ಬಳಸಿಕೊಂಡಿದೆ. ಸಂಸ್ಕೃತವನ್ನು ಬಲ್ಲ ಕನ್ನಡಿಗರಿಗೆ ಇದು ಅಪರಿಚಿತ ವಿಷಯವಲ್ಲ. ಅಲ್ಲಿ ನೀರೆಂಬ ಅರ್ಥದ ‘ಆಪಃ’ ನಿತ್ಯಬಹುವಚನ. ಜೀವವೆಂಬ ಅರ್ಥದಲ್ಲಿ ‘ಪ್ರಾಣಾಃ’ ಎಂದು ಬಹುವಚನವೇ ರೂಢಿ. ಹೆಂಡತಿಯೆಂಬ ಅರ್ಥದ ‘ದಾರಾಃ’ ಎಂಬ ಪದವಂತೂ ಪುಲ್ಲಿಂಗವೂ ಹೌದು, ಬಹುವಚನವೂ ಹೌದು. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಭಾಷಾಕುಲಗಳು ನೀರನ್ನೂ ಜೀವವನ್ನೂ ಬಹುವಚನದಲ್ಲಿ ಕಂಡಿರುವುದು ಚಿಂತನೀಯವಾದ ಸಾಮ್ಯ.

ಇದಕ್ಕಿಂತ ಹತ್ತಿರದ ಸಾದೃಶ್ಯವುಳ್ಳವು ಹೀಬ್ರೂವಿನಲ್ಲಿ ಒಡೆತನವನ್ನು ಸೂಚಿಸುವ ಪದಗಳು. ‘ಆದೋನ್’ ಎಂದರೆ ಒಡೆಯ. ಐಗುಪ್ತದಲ್ಲಿ, ಎಂದರೆ ಈಜಿಪ್ಟಿನಲ್ಲಿ, ಮಂತ್ರಿಪದವಿಗೇರಿದ ಯೋಸೇಫನನ್ನು ಕುರಿತು ಅವನ ಅಣ್ಣಂದಿರು ತಂದೆಯೊಡನೆ ಮಾತನಾಡುವಾಗ ಬಳಸುವ ರೂಪ ‘ಆ ದೇಶದ ಒಡೆಯರು’ ಎಂಬ ಬಹುವಚನ. ಮಾತು ನಡೆಯುತ್ತಿರುವುದು ಒಬ್ಬನ ವಿಷಯ. ಯೆಶಾಯನ ಪ್ರವಾದನೆಯಲ್ಲಿ ಐಗುಪ್ತವು ಕಠಿನನಾದ ಒಡೆಯನ ಕೈವಶವಾಗುವುದೆಂದು ಹೇಳುವಾಗ ‘ಆದೋನೀಮ್ ಕಾಶೆ’ ಎಂದಿದೆ: ಒಡೆಯನೆಂಬ ಪದ ಬಹುವಚನ, ಕಠಿನನೆಂಬ ವಿಶೇಷಣ ಏಕವಚನ. ಹಾಯುವ ಹೋರಿಯನ್ನು ಕಟ್ಟಿಹಾಕದೆ ಬಿಟ್ಟು ಜೀವಹಾನಿಗೆ ಕಾರಣನಾದ ಯಜಮಾನನಿಗೆ ವಿಮೋಚನಕಾಂಡದ ಧರ್ಮಶಾಸ್ತ್ರವು ಶಿಕ್ಷೆಯನ್ನು ವಿಧಿಸುವಲ್ಲಿ, ಯಜಮಾನವಾಚಕವಾದ ‘ಬಆಲ್’ ಶಬ್ದ ಬಹುವಚನದಲ್ಲಿಯೂ ಶಿಕ್ಷೆಯ ಕ್ರಿಯಾಪದ ಏಕವಚನದಲ್ಲಿಯೂ ಇವೆ. ಹೋರಿಯ ಯಜಮಾನನಿಗೆ ದೈವತ್ವದ ಸೋಂಕೇನೂ ಇಲ್ಲ. ಅವನು ಸಾಮಾನ್ಯ ರೈತ. ಆದರೂ ಅಧಿಕಾರವೆಂಬ ಭಾವ ಬಂದೊಡನೆ ಆ ಭಾಷೆ ಬಹುವಚನವನ್ನು ತೊಡಿಸುತ್ತದೆ. ಫ್ರಾನ್ಸಿನ ತ್ರ್ವಾ ನಗರದಲ್ಲಿ ಬಾಳಿದ ಮಹಾವ್ಯಾಖ್ಯಾನಕಾರ ರಾಶಿ (1040–1105) ಇಂಥ ಉದಾಹರಣೆಗಳನ್ನೇ ಒಟ್ಟುಗೂಡಿಸಿ, ದೈವತ್ವವನ್ನೂ ಒಡೆತನವನ್ನೂ ಹೇಳುವ ಪದಗಳು ಬಹುವಚನದಲ್ಲಿ ಬರುವುದು ಹೀಬ್ರೂವಿನ ರೂಢಿಯೆಂದು ತೋರಿಸಿಕೊಟ್ಟನು. 1813ರಲ್ಲಿ ತನ್ನ ಪ್ರಸಿದ್ಧ ಹೀಬ್ರೂ ವ್ಯಾಕರಣವನ್ನು ಪ್ರಕಟಿಸಿದ ಜರ್ಮನ್ ಪಂಡಿತ ವಿಲ್ಹೆಲ್ಮ್ ಗೆಸೇನಿಯಸ್‌ನ ಪರಂಪರೆಯಲ್ಲಿ ಇದಕ್ಕೆ ಮಹತ್ತ್ವದ ಬಹುವಚನವೆಂಬ ಹೆಸರು ನೆಲೆಗೊಂಡಿತು.

ಈ ವಿಷಯವನ್ನು ಗ್ರಹಿಸುವುದರಲ್ಲಿ ಕನ್ನಡಿಗನಿಗೆ ಇರುವ ಅನುಕೂಲ ಐರೋಪ್ಯ ವಿದ್ಯಾರ್ಥಿಗೆ ಇಲ್ಲ. ನಮ್ಮ ‘ದೇವರು’ ಎಂಬ ಪದವನ್ನೇ ಬಿಡಿಸಿ ನೋಡಿದರೆ ‘ದೇವ’ ಎಂಬ ಪ್ರಕೃತಿಗೆ ‘ಅರು’ ಎಂಬ ಬಹುವಚನಪ್ರತ್ಯಯ ಹತ್ತಿದೆ. ಅರಸರು, ಸೇವಕರು ಎಂಬಲ್ಲಿ ಇರುವ ಪ್ರತ್ಯಯವೇ ಅದು. ಪೂಜ್ಯರ ವಿಷಯದಲ್ಲಿ ಬಹುವಚನವನ್ನು ಬಳಸಬೇಕೆಂಬ ಸಂಸ್ಕೃತದ ಸೂಕ್ತಿ ನಮ್ಮ ನುಡಿಯಲ್ಲಿಯೂ ಬೇರೂರಿ, ಗುರುಗಳು ಬಂದರು, ತಂದೆಯವರು ಹೇಳಿದರು ಎಂದು ನಾವು ನಿತ್ಯವೂ ಆಡುತ್ತೇವೆ. ಆದರೆ ಗುರುಗಳ ಮಾತಿಗೂ ದೇವರ ಮಾತಿಗೂ ಒಂದು ಸೂಕ್ಷ್ಮವಾದ ಭೇದ ಉಂಟು. ಗುರುಗಳ ವಿಷಯದಲ್ಲಿ ಕ್ರಿಯಾಪದವೂ ಬಹುವಚನಕ್ಕೆ ತಿರುಗುತ್ತದೆ. ದೇವರ ವಿಷಯದಲ್ಲಾದರೋ ‘ದೇವರು ದೊಡ್ಡವನು’, ‘ದೇವರು ಕಣ್ಣು ಬಿಟ್ಟ’ ಎಂದು ಹಳ್ಳಿಯ ಮುದುಕಿಯೂ ಪಟ್ಟಣದ ಪಂಡಿತನೂ ಸರಾಗವಾಗಿ ನುಡಿಯುತ್ತಾರೆ. ಕರ್ತೃ ಬಹುವಚನ, ಕ್ರಿಯೆ ಏಕವಚನ. ಕೇಳಿದವರಾರಿಗೂ ವ್ಯಾಕರಣ ಕೆಟ್ಟಿತೆನಿಸುವುದಿಲ್ಲ, ದೇವರು ಹಲವರೆಂಬ ಸಂಶಯವೂ ಬರುವುದಿಲ್ಲ. ‘ಬಾರಾ ಎಲೋಹೀಮ್’ ಎಂಬುದರ ರಚನೆ ಇದೇ ಅಲ್ಲವೇ? ಕನ್ನಡ ಕ್ರೈಸ್ತರ ಮನೆಗಳಲ್ಲಿ ಬಹುಕಾಲದಿಂದ ಓದಿಕೊಂಡು ಬಂದಿರುವ ಬೈಬಲಿನ ಭಾಷಾಂತರವೂ ‘ದೇವರು’ ಎಂಬ ಕರ್ತೃವಿಗೆ ಏಕವಚನದ ಕ್ರಿಯಾಪದವನ್ನೇ ಹೊಂದಿಸಿತು. ತಿಳಿದೋ ತಿಳಿಯದೆಯೋ ಅದು ಮೂಲದ ವ್ಯಾಕರಣಶಿಲ್ಪವನ್ನು ಹಾಗೆಯೇ ಕನ್ನಡಕ್ಕೆ ಇಳಿಸಿಕೊಂಡಿತು. ಈಚಿನ ಕೆಲವು ಭಾಷಾಂತರಗಳು ಗೌರವವನ್ನು ಪೂರ್ಣಗೊಳಿಸುವ ಇಚ್ಛೆಯಿಂದ ಕ್ರಿಯಾಪದವನ್ನೂ ಬಹುವಚನಕ್ಕೆ ತಂದಿವೆ; ಅಲ್ಲಿ ಮರ್ಯಾದೆ ಹೆಚ್ಚಿತು, ಮೂಲದ ಆ ಅಪೂರ್ವವಾದ ಹೊಂದಾಣಿಕೆ ಮರೆಯಾಯಿತು.

ಸಾಮ್ಯದ ಜೊತೆಗೆ ವ್ಯತ್ಯಾಸವನ್ನೂ ಹೇಳದಿದ್ದರೆ ಓದುಗರನ್ನು ತಪ್ಪುದಾರಿಗೆ ಎಳೆದಂತಾದೀತು. ಕನ್ನಡದ ಗೌರವಬಹುವಚನ ಸಾಮಾಜಿಕವಾದುದು. ವಯಸ್ಸು, ವಿದ್ಯೆ, ಪದವಿಗಳನ್ನು ಗಮನಿಸಿ ಅದನ್ನು ಬಳಸುತ್ತೇವೆ. ಬೈಬಲಿನ ಹೀಬ್ರೂವಿನಲ್ಲಿ ಅರಸನ ಎದುರಿಗೆ ನಿಂತವನು ಕೂಡ ಅವನನ್ನು ‘ನೀನು’ ಎಂಬ ಏಕವಚನದ ಸರ್ವನಾಮದಿಂದಲೇ ಸಂಬೋಧಿಸುತ್ತಾನೆ. ಅಲ್ಲದೆ, ಹಲವರನ್ನು ಎಣಿಸಬೇಕಾದಾಗ ಕನ್ನಡಕ್ಕೆ ಸುಲಭೋಪಾಯ ಉಂಟು: ‘ದೇವರು’ ಎಂಬುದರ ಮೇಲೆ ಇನ್ನೊಂದು ಪ್ರತ್ಯಯವನ್ನು ಹೇರಿ ‘ದೇವರುಗಳು’ ಎಂದರಾಯಿತು. ಹೀಬ್ರೂವಿಗೆ ಆ ಸೌಕರ್ಯವಿಲ್ಲ. ಒಬ್ಬನಿಗೂ ಹಲವರಿಗೂ ಒಂದೇ ‘ಎಲೋಹೀಮ್’. ಭೇದವನ್ನು ತೋರಿಸುವ ಹೊಣೆಯೆಲ್ಲ ವಾಕ್ಯದ ಇತರ ಪದಗಳ ಮೇಲೆ.

ಬಹುವಚನರೂಪವು ಇಸ್ರಾಯೇಲ್ಯರ ಸ್ವಂತ ಕಲ್ಪನೆಯಲ್ಲವೆಂಬುದಕ್ಕೆ ಪುರಾತತ್ತ್ವದ ಸಾಕ್ಷ್ಯವೂ ಉಂಟು. 1887ರಲ್ಲಿ ಈಜಿಪ್ಟಿನ ಅಮರ್ನಾದಲ್ಲಿ ದೊರೆತ ಜೇಡಿಮಣ್ಣಿನ ಹಲಗೆಗಳಲ್ಲಿ, ಕ್ರಿಸ್ತಪೂರ್ವ 14ನೆಯ ಶತಮಾನದಲ್ಲಿ ಕಾನಾನ್ ನಾಡಿನ ಸಾಮಂತರು ಈಜಿಪ್ಟಿನ ಅರಸನಾದ ಫರೋಹನಿಗೆ ಅಕ್ಕಾಡಿಯನ್ ಭಾಷೆಯಲ್ಲಿ ಬರೆದ ಪತ್ರಗಳಿವೆ. ತಮ್ಮ ಪ್ರಭುವನ್ನು ಒಡೆಯನೆಂದೂ ಸೂರ್ಯನೆಂದೂ ಕೊಂಡಾಡುವ ಆ ಸಾಮಂತರು ಅವನನ್ನು ದೇವರೆಂದು ಕರೆಯುವಾಗ ಹಲವೆಡೆ ದೇವವಾಚಕ ಪದದ ಬಹುವಚನವನ್ನು ಪ್ರಯೋಗಿಸಿದ್ದಾರೆ. ಸಂಬೋಧಿತನಾದವನು ಒಬ್ಬನೇ ಅರಸ. ಬೈಬಲಿನ ಅತಿ ಪ್ರಾಚೀನ ಭಾಗಗಳು ಲಿಪಿಬದ್ಧವಾಗುವುದಕ್ಕೆ ಮುಂಚೆಯೇ ಕಾನಾನಿನ ಮಾತಿನಲ್ಲಿ ಈ ಜಾಡು ಬಿದ್ದಿತ್ತು. ಬೈಬಲೇ ಅನ್ಯಜನರ ಒಬ್ಬೊಬ್ಬ ದೇವತೆಗೂ ಇದೇ ಬಹುವಚನವನ್ನು ಬಳಸುವುದು ಇದನ್ನು ದೃಢಪಡಿಸುತ್ತದೆ. ಮೋವಾಬ್ಯರ ಕೆಮೋಷ್ ಒಬ್ಬನೇ ದೇವತೆ, ಫಿಲಿಷ್ಟಿಯರ ದಾಗೋನ್ ಒಬ್ಬನೇ. ಇಬ್ಬರಿಗೂ ‘ಎಲೋಹೀಮ್’ ಶಬ್ದವೇ ಸಂದಿದೆ. ಚೀದೋನ್ಯರ ಅಷ್ಟೋರೆತ್ ಸ್ತ್ರೀದೇವತೆ. ಬೈಬಲಿನ ಹೀಬ್ರೂವಿನಲ್ಲಿ ದೇವಿಯೆಂಬುದಕ್ಕೆ ಪ್ರತ್ಯೇಕ ಪದವಿಲ್ಲವಾದುದರಿಂದ ಪುಲ್ಲಿಂಗ ಬಹುವಚನವಾದ ‘ಎಲೋಹೀಮ್’ ಅವಳನ್ನೂ ಒಳಗೊಂಡಿತು. ಲಿಂಗ, ವಚನ ಎರಡನ್ನೂ ಮೀರಿ, ‘ಪೂಜೆಗೆ ಪಾತ್ರವಾದ ಶಕ್ತಿ’ ಎಂಬ ಅರ್ಥದಲ್ಲಿ ಪದ ನಿಂತಿರುವುದು ಇಲ್ಲಿ ಸ್ಪಷ್ಟ.

ಶಕ್ತಿಯೆಂಬ ಈ ಮೂಲಭಾವದಿಂದ ಇತರ ಅರ್ಥಗಳು ಕವಲೊಡೆದಿವೆ. ಫರೋಹನ ಮುಂದೆ ನಿಲ್ಲಬೇಕಾದ ಮೋಶೆಯನ್ನು ಅವನಿಗೆ ‘ಎಲೋಹೀಮ್’ ಆಗಿ ನೇಮಿಸಿದ್ದೇನೆಂದು ದೇವರೇ ಹೇಳುವ ಪ್ರಸಂಗ ವಿಮೋಚನಕಾಂಡದಲ್ಲಿದೆ. ಅದೇ ಕಾಂಡದ ನ್ಯಾಯವಿಧಿಗಳಲ್ಲಿ ವಾದಿಪ್ರತಿವಾದಿಗಳು ‘ಎಲೋಹೀಮ್’ನ ಸನ್ನಿಧಿಗೆ ಬರಬೇಕೆಂದಿರುವುದನ್ನು ಅರಮಾಯಿಕ್ ಭಾಷಾಂತರಕಾರರು ನ್ಯಾಯಾಧಿಪತಿಗಳ ಸನ್ನಿಧಿಯೆಂದು ಅರ್ಥಮಾಡಿದರು. ಮನುಷ್ಯನು ‘ಎಲೋಹೀಮ್’ಗಿಂತ ಸ್ವಲ್ಪವೇ ಕಡಿಮೆಯವನೆಂದು ಎಂಟನೆಯ ಕೀರ್ತನೆ ಹೇಳುವಲ್ಲಿ ಗ್ರೀಕ್ ಭಾಷಾಂತರಕಾರರು ‘ದೇವದೂತರು’ ಎಂಬ ಪದವನ್ನು ಇಟ್ಟರು. ಎಂಬತ್ತೆರಡನೆಯ ಕೀರ್ತನೆಯ ಮೊದಲ ವಾಕ್ಯದಲ್ಲಿ ಈ ಪದ ಎರಡು ಸಲ ಬರುತ್ತದೆ: ಎದ್ದುನಿಂತು ತೀರ್ಪು ಕೊಡುವವನು ‘ಎಲೋಹೀಮ್’, ಅವನು ಯಾರ ನಡುವೆ ನಿಂತಿದ್ದಾನೋ ಅವರೂ ‘ಎಲೋಹೀಮ್’. ಮೊದಲನೆಯದಕ್ಕೆ ಏಕವಚನದ ಕ್ರಿಯೆ ಜೊತೆಗೂಡಿದೆ. ಎರಡನೆಯದಕ್ಕೆ ‘ನಡುವೆ’ ಎಂಬ ಮಾತು ಜೊತೆಗೂಡಿ, ಒಬ್ಬನ ನಡುವೆ ನಿಲ್ಲುವುದು ಅಸಾಧ್ಯವಾದುದರಿಂದ, ಹಲವರೆಂಬ ಅರ್ಥವನ್ನು ಕೊಡುತ್ತದೆ.

ಏಂದೋರಿನ ಪ್ರಸಂಗವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಫಿಲಿಷ್ಟಿಯರ ದಂಡನ್ನು ಕಂಡು ಎದೆಗುಂದಿದ ಅರಸ ಸೌಲನು, ಮಡಿದ ಪ್ರವಾದಿ ಸಮುವೇಲನನ್ನು ಬರಮಾಡಿಕೊಡೆಂದು ಏಂದೋರ್ ಎಂಬ ಊರಿನಲ್ಲಿದ್ದ, ಭೂತವಿದ್ಯೆಯನ್ನು ಬಲ್ಲ ಒಬ್ಬ ಹೆಂಗಸಿನ ಬಳಿಗೆ ರಾತ್ರಿಯಲ್ಲಿ ವೇಷಮರೆಸಿಕೊಂಡು ಹೋಗುತ್ತಾನೆ. ನೀನು ಕಂಡದ್ದೇನೆಂದು ಅವನು ಕೇಳಿದಾಗ ಅವಳು ನೆಲದೊಳಗಿಂದ ‘ಎಲೋಹೀಮ್’ ಏರಿಬರುತ್ತಿರುವುದನ್ನು ಕಂಡೆನೆನ್ನುತ್ತಾಳೆ. ಏರಿಬರುವುದನ್ನು ಹೇಳುವ ಪದ ‘ಓಲೀಮ್’, ಬಹುವಚನ. ಸೌಲನ ಮರುಪ್ರಶ್ನೆ ಅವನ ಆಕಾರವೇನೆಂಬುದು. ಅಲ್ಲಿಯ ಸರ್ವನಾಮ ಏಕವಚನ. ಆಗ ಅವಳು ನಿಲುವಂಗಿಯನ್ನು ಹೊದ್ದ ಮುದುಕನೊಬ್ಬನನ್ನು ವರ್ಣಿಸುತ್ತಾಳೆ. ಇಲ್ಲಿ ‘ಎಲೋಹೀಮ್’ ದೇವರೂ ಅಲ್ಲ, ದೇವತೆಗಳೂ ಅಲ್ಲ. ಪರಲೋಕದಿಂದ ಬಂದ ಪ್ರೇತಾತ್ಮ. ಅವಳಿಗೆ ಕಂಡ ಅಮಾನುಷವಾದ ಶಕ್ತಿಯ ಸಮೂಹ ಬಹುವಚನದಲ್ಲಿಯೂ, ಸೌಲನು ಅರಸಿ ಬಂದಿದ್ದ ಒಬ್ಬ ವ್ಯಕ್ತಿ ಏಕವಚನದಲ್ಲಿಯೂ ಮಾತಾಗಿ ಹೊರಬಂದಿರುವುದರಲ್ಲಿ, ಇಬ್ಬರ ಮನಸ್ಸೂ ಎರಡು ಬೇರೆ ದಿಕ್ಕಿಗೆ ತಿರುಗಿರುವುದು ವ್ಯಾಕರಣದಿಂದಲೇ ವ್ಯಕ್ತವಾಗುತ್ತದೆ.

ಅತಿಶಯವನ್ನು ಹೇಳಲು ಕೂಡ ಈ ಪದ ಸಹಾಯಕ್ಕೆ ಬರುತ್ತದೆ. ಯೋನನ ಕಥೆಯಲ್ಲಿ ನಿನೆವೆ ಪಟ್ಟಣವನ್ನು ‘ದೇವರಿಗೂ ದೊಡ್ಡದಾದ’ ಪಟ್ಟಣವೆಂದು ಹೇಳಿದೆ. ಅತ್ಯಂತ ವಿಶಾಲವಾದ ಪಟ್ಟಣವೆಂಬುದು ಅದರ ತಾತ್ಪರ್ಯವೆಂದು ಅನೇಕರ ಅಭಿಪ್ರಾಯ. ಹೆಬ್ರೋನಿನ ಜನರು ಅಬ್ರಹಾಮನನ್ನು ‘ದೇವರ ಪ್ರಭು’ ಎಂದು ಸಂಬೋಧಿಸಿದ್ದನ್ನೂ ಮಹಾಪ್ರಭುವೆಂದು ಭಾಷಾಂತರಿಸುವುದುಂಟು. ಇಂಥ ರಚನೆಗಳಲ್ಲಿ ‘ಎಲೋಹೀಮ್’ ನಾಮಪದದ ಸ್ಥಾನದಲ್ಲಿದ್ದುಕೊಂಡೇ ವಿಶೇಷಣದ ಕಾರ್ಯವನ್ನು ಮಾಡುತ್ತದೆ.

ಪದವು ಇತರ ಪದಗಳೊಡನೆ ಸೇರುವಾಗ ಪಡೆಯುವ ರೂಪಾಂತರವೂ ತಿಳಿಯತಕ್ಕದ್ದೇ. ಕನ್ನಡದಲ್ಲಿ ‘ಅಬ್ರಹಾಮನ ದೇವರು’ ಎನ್ನುವಾಗ ವಿಭಕ್ತಿಪ್ರತ್ಯಯ ಹತ್ತುವುದು ಅಬ್ರಹಾಮನಿಗೆ. ದೇವರೆಂಬ ಪದ ಇದ್ದಂತೆಯೇ ಇರುತ್ತದೆ. ಹೀಬ್ರೂವಿನಲ್ಲಿ ಇದು ತಿರುಗುಮುರುಗು: ಅಬ್ರಹಾಮನ ಹೆಸರು ಅವಿಕೃತವಾಗಿ ಉಳಿದು, ‘ಎಲೋಹೀಮ್’ ತನ್ನ ಕೊನೆಯ ಮಕಾರವನ್ನು ಕಳೆದುಕೊಂಡು ‘ಎಲೋಹೇ’ ಆಗುತ್ತದೆ. ಅದಕ್ಕೆ ‘ನೂ’ ಎಂಬ ಪ್ರತ್ಯಯ ಸೇರಿದರೆ ‘ಎಲೋಹೇನೂ’, ಅಂದರೆ ನಮ್ಮ ದೇವರು; ‘ಎಲೋಹಾಯ್’ ಎಂದರೆ ನನ್ನ ದೇವರು. ಇಸ್ರಾಯೇಲಿನ ದೇವರ ಸ್ವಂತ ನಾಮವಾದ ಯೆಹೋವ ಎಂಬುದಕ್ಕೆ ಇಂಥ ಪ್ರತ್ಯಯಗಳು ಹತ್ತುವುದಿಲ್ಲ. ಅದು ಅಂಕಿತನಾಮ, ಇದು ರೂಢನಾಮ. ಆದುದರಿಂದ ಭಕ್ತನು ‘ನನ್ನ’ ಎಂದು ಹೇಳಿಕೊಳ್ಳಬೇಕಾದಾಗ ‘ಎಲೋಹೀಮ್’ ಶಬ್ದವೇ ಬೇಕು. ಯೆಹೂದ್ಯರು ದಿನವೂ ಬೆಳಗ್ಗೆ ಸಂಜೆ ಪಠಿಸುವ ‘ಶೆಮಾ’ ಎಂಬ ಘೋಷಣೆ ದೇವರ ಏಕತ್ವವನ್ನು ಸಾರುವ ಅವರ ಧರ್ಮದ ಮೂಲಮಂತ್ರ. ಅದರಲ್ಲಿ ಬಹುವಚನರೂಪದ ‘ಎಲೋಹೇನೂ’ ಎಂಬ ಪದವೂ ‘ಒಬ್ಬನು’ ಎಂಬರ್ಥದ ‘ಎಹಾದ್’ ಎಂಬ ಪದವೂ ಒಂದೇ ಉಸಿರಿನಲ್ಲಿ ಕೂಡಿವೆ.

ಇನ್ನು ನಿಯಮಕ್ಕೆ ಅಪವಾದಗಳು. ಅವು ಕೆಲವೇ ಆದರೂ ಬಹು ಬೆಲೆಯುಳ್ಳವು. ಗೆರಾರಿನ ಅರಸನಾದ ಅಬೀಮೆಲೆಕನ ಮುಂದೆ ಅಬ್ರಹಾಮನು, ದೇವರು ತನ್ನನ್ನು ತಂದೆಯ ಮನೆಯಿಂದ ಹೊರಡಿಸಿದ ವಿಷಯವನ್ನು ಹೇಳುವಾಗ ಕ್ರಿಯಾಪದ ಬಹುವಚನದಲ್ಲಿದೆ. ಅನ್ಯಜನರ ಅರಸನೊಡನೆ ಅವನ ರೂಢಿಯಂತೆ ಮಾತನಾಡಿದನೆಂದು ಕೆಲವರು ಇದಕ್ಕೆ ಸಮಾಧಾನ ಹೇಳುವುದುಂಟು. ಈಜೆಬೆಲ್ ರಾಣಿ ಪ್ರವಾದಿ ಎಲೀಯನಿಗೆ ಕೊಲೆಯ ಬೆದರಿಕೆಯನ್ನು ಕಳುಹಿಸುವಾಗ ಆಣೆಯಿಡುವುದು ಬಹುವಚನದ ಕ್ರಿಯೆಯಿಂದ. ಅವಳ ದೇವತೆಗಳು ಹಲವರಾದುದರಿಂದ ಅಲ್ಲಿ ಅದು ಯಥಾರ್ಥವೇ. ಯೆಹೋಶುವನ ಕೊನೆಯ ಉಪದೇಶದಲ್ಲಿ ‘ಎಲೋಹೀಮ್ ಕೆದೋಶೀಮ್ ಹೂ’ ಎಂಬ ಮೂರು ಪದಗಳಿವೆ: ದೇವರೆಂಬ ಪದ ಬಹುವಚನ, ಪವಿತ್ರನೆಂಬ ವಿಶೇಷಣ ಬಹುವಚನ, ‘ಅವನು’ ಎಂಬ ಸರ್ವನಾಮ ಮಾತ್ರ ಏಕವಚನ. ವ್ಯಾಕರಣವು ಎರಡು ಹೆಜ್ಜೆ ಪದದ ರೂಪವನ್ನು ಅನುಸರಿಸಿ, ಮೂರನೆಯ ಹೆಜ್ಜೆಯಲ್ಲಿ ಅರ್ಥಕ್ಕೆ ಮರಳಿತು.

ಎಲ್ಲಕ್ಕಿಂತಲೂ ಬೋಧಪ್ರದವಾದವು, ಒಂದೇ ಮಾತನ್ನು ಬೈಬಲು ಎರಡು ಕಡೆ ಹೇಳುವ ಸಂದರ್ಭಗಳು. ಸಮುವೇಲನ ಎರಡನೆಯ ಗ್ರಂಥದಲ್ಲಿ ದಾವೀದನು ಪ್ರಾರ್ಥಿಸುತ್ತ, ದೇವರು ಹೋಗಿ ತನ್ನ ಜನರನ್ನು ಬಿಡಿಸಿಕೊಂಡದ್ದನ್ನು ನೆನೆಯುವಲ್ಲಿ ‘ಹೋದರು’ ಎಂಬ ಬಹುವಚನ ‘ಹಾಲೆಖೂ’ ಎಂದಿದೆ. ಅದೇ ಪ್ರಾರ್ಥನೆಯನ್ನು ಮುಂದಿನ ಕಾಲದ ಪೂರ್ವಕಾಲವೃತ್ತಾಂತದ ಗ್ರಂಥಕರ್ತನು ಬರೆದುಕೊಳ್ಳುವಾಗ ಆ ಕ್ರಿಯೆ ‘ಹಾಲಖ್’, ‘ಹೋದನು’ ಎಂದಾಗಿದೆ. ಅಂತೆಯೇ, ಸೀನಾಯಿ ಬೆಟ್ಟದ ತಪ್ಪಲಿನಲ್ಲಿ ಆರೋನನು ಎರಕಹೊಯ್ದ ಬಂಗಾರದ ಬಸವನನ್ನು ಕಂಡು ಜನರು ‘ಇವರೇ ನಿನ್ನ ದೇವರು’ ಎಂದು ಬಹುವಚನದಲ್ಲಿ ಕೂಗಿದರೆಂದು ವಿಮೋಚನಕಾಂಡ ಹೇಳುತ್ತದೆ. ಆ ಪಾಪವನ್ನು ನೆಹೆಮೀಯನ ಗ್ರಂಥದಲ್ಲಿ ಜ್ಞಾಪಿಸಿಕೊಳ್ಳುವಾಗ ಅದೇ ಮಾತು ‘ಇವನೇ’ ಎಂಬ ಏಕವಚನಕ್ಕೆ ಬಂದಿದೆ. ಆರೋನನು ಮಾಡಿದ್ದು ಒಂದೇ ಬಸವ. ಬಹುವಚನ ಯಥಾರ್ಥವಾಗಿ ಒಪ್ಪುವುದು ಯಾರೊಬ್ಬಾಮ ಅರಸನ ಮಾತಿನಲ್ಲಿ, ಏಕೆಂದರೆ ಅವನು ಬೇತೇಲಿನಲ್ಲಿ ಒಂದು, ದಾನ್ ಊರಿನಲ್ಲಿ ಒಂದು ಎಂದು ಎರಡನ್ನು ನಿಲ್ಲಿಸಿದನು. ಕಾಲ ಕಳೆದಂತೆ ಬರಹಗಾರರು ಈ ಪದದ ಸುತ್ತಣ ವ್ಯಾಕರಣವನ್ನು ಎಷ್ಟು ಎಚ್ಚರದಿಂದ ಹದಗೊಳಿಸುತ್ತ ಬಂದರೆಂಬುದು ಇಲ್ಲಿ ಕಣ್ಣಿಗೆ ಕಟ್ಟಿದಂತೆ ತೋರುತ್ತದೆ. ಪದವನ್ನು ಅವರು ಮುಟ್ಟಲಿಲ್ಲ. ಅದರ ನೆರೆಯ ಪದವನ್ನು ತಿದ್ದಿದರು.

‘ನಾವು ಮಾಡೋಣ’ ಎಂದು ದೇವರು ಮನುಷ್ಯಸೃಷ್ಟಿಗೆ ಮುಂಚೆ ನುಡಿಯುವ ಸ್ಥಳದಲ್ಲಿ ವ್ಯಾಖ್ಯಾನಕಾರರ ನಡುವೆ ದೊಡ್ಡ ವಿವಾದವೇ ನಡೆದಿದೆ. ಕ್ರೈಸ್ತ ಆಚಾರ್ಯರಲ್ಲಿ ಅನೇಕರು ಇಲ್ಲಿ ತ್ರಯೈಕ್ಯದ, ಅಂದರೆ ಒಬ್ಬನೇ ದೇವರಲ್ಲಿ ಮೂವರೆಂಬ ತತ್ತ್ವದ, ಸೂಚನೆಯನ್ನು ಕಂಡರು. ದೇವದೂತರ ಸಭೆಯನ್ನು ಕುರಿತು ಆಡಿದ ಮಾತೆಂಬುದು ಯೆಹೂದ್ಯರಲ್ಲಿ ಪ್ರಚಲಿತವಾದ ಅರ್ಥ; ದೊಡ್ಡವನು ಚಿಕ್ಕವರನ್ನು ಕೇಳಿ ನಡೆಯಬೇಕೆಂಬ ವಿನಯವನ್ನು ಇದು ಕಲಿಸುತ್ತದೆಂದು ಹೇಳಿದ ರಾಶಿ, ಮರುವಾಕ್ಯದಲ್ಲಿ ‘ಸೃಷ್ಟಿಸಿದನು’ ಎಂಬ ಏಕವಚನವೇ ಇದೆಯೆಂಬುದನ್ನು ತಪ್ಪದೆ ಎತ್ತಿ ತೋರಿಸಿದನು. 16ನೆಯ ಶತಮಾನದ ಪ್ರಾಟೆಸ್ಟಂಟ್ ಆಚಾರ್ಯ ಜಾನ್ ಕ್ಯಾಲ್ವಿನ್ ತ್ರಯೈಕ್ಯವನ್ನು ದೃಢವಾಗಿ ನಂಬಿದ್ದವನು. ಆದರೂ ‘ಎಲೋಹೀಮ್’ ಎಂಬ ಪದದ ಬಹುವಚನವೊಂದರಿಂದಲೇ ಅದನ್ನು ಸಾಧಿಸಹೊರಡುವುದು ಬಲವಿಲ್ಲದ ಯುಕ್ತಿಯೆಂದು ತನ್ನ ಆದಿಕಾಂಡದ ವ್ಯಾಖ್ಯಾನದಲ್ಲಿ ಬರೆದನು. ತನ್ನ ನಂಬಿಕೆಗೆ ಅನುಕೂಲವಾದ ಸಾಕ್ಷ್ಯವನ್ನೂ ಅದು ದುರ್ಬಲವೆಂದು ಕಂಡಾಗ ತಳ್ಳಿಹಾಕಿದ ಈ ಪ್ರಾಮಾಣಿಕತೆ ಎಲ್ಲ ಮತದ ಪಂಡಿತರಿಗೂ ಅನುಕರಣೀಯ.

ಈ ಒಂದು ಪದದ ಮೇಲಣ ಅವಧಾನದಿಂದ ಬೈಬಲಿನ ವಿಮರ್ಶೆಯ ಇತಿಹಾಸವೇ ತಿರುವನ್ನು ಪಡೆಯಿತು. ಫ್ರಾನ್ಸಿನ ವೈದ್ಯ ಜಾನ್ ಆಸ್ತ್ರ್ಯೂಕ್ 1753ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಆದಿಕಾಂಡದ ಕೆಲವು ಭಾಗಗಳು ‘ಎಲೋಹೀಮ್’ ಎಂಬ ಹೆಸರನ್ನೂ ಇನ್ನು ಕೆಲವು ಯೆಹೋವ ಎಂಬ ಹೆಸರನ್ನೂ ಬಳಸುವುದನ್ನು ಗುರುತಿಸಿ, ಆ ಕಾಂಡದ ಕರ್ತೃವೆಂದು ನಂಬಲಾಗಿದ್ದ ಮೋಶೆಯ ಮುಂದೆ ಹಳೆಯ ಆಕರಗಳು ಹಲವು ಇದ್ದಿರಬೇಕೆಂದು ಊಹಿಸಿದನು. ಮುಂದೆ ಜರ್ಮನ್ ವಿದ್ವಾಂಸರು ಈ ಊಹೆಯನ್ನು ಬೆಳೆಸಿ, ಒಂದು ಆಕರಕ್ಕೆ ಎಲೋಹೀಮ್ ಪದದಿಂದಲೇ ಹೆಸರಿಟ್ಟರು. ಕೀರ್ತನೆಗಳಲ್ಲಿಯೂ ಇಂಥ ಸ್ಪಷ್ಟ ನಿದರ್ಶನ ಉಂಟು: 14ನೆಯ ಕೀರ್ತನೆಯೂ 53ನೆಯ ಕೀರ್ತನೆಯೂ ಬಹುಮಟ್ಟಿಗೆ ಒಂದೇ ರಚನೆ, ಮೊದಲನೆಯದರಲ್ಲಿ ಯೆಹೋವ ಎಂದಿರುವ ಕಡೆಗಳಲ್ಲಿ ಎರಡನೆಯದರಲ್ಲಿ ‘ಎಲೋಹೀಮ್’ ಎಂದಿದೆ. ಇಂದಿಗೂ ಆಚಾರವಂತರಾದ ಯೆಹೂದ್ಯರು ಪ್ರಾರ್ಥನೆಯ ಹೊರಗೆ ಈ ಹೆಸರನ್ನು ವೃಥಾ ಉಚ್ಚರಿಸಬಾರದೆಂದು ಹಕಾರದ ಸ್ಥಾನದಲ್ಲಿ ಕಕಾರವನ್ನಿಟ್ಟು ‘ಎಲೋಕೀಮ್’ ಎನ್ನುತ್ತಾರೆ.

ಈ ಪದದ ಚರಿತ್ರೆಯಿಂದ ನಾವು ಕಲಿಯಬೇಕಾದ ಪಾಠ ಸರಳವಾದುದಾದರೂ ಸುಲಭವಾಗಿ ಮರೆತುಹೋಗುವಂಥದು. ಜನಾಂಗವೊಂದರ ನಂಬಿಕೆ ಏನೆಂಬುದನ್ನು ಅದರ ಶಬ್ದಗಳ ವ್ಯುತ್ಪತ್ತಿಯಿಂದ ನಿರ್ಣಯಿಸಲಾಗದು. ವ್ಯುತ್ಪತ್ತಿ ಹೇಳುವುದು ಪದ ಎಲ್ಲಿಂದ ಬಂತೆಂಬುದನ್ನು ಮಾತ್ರ. ‘ಈಮ್’ ಎಂಬ ಪ್ರತ್ಯಯ ಕಾನಾನಿನ ಪ್ರಾಚೀನ ಪೂಜಾಪದ್ಧತಿಗಳ ಕಾಲದಿಂದ ಬಳುವಳಿಯಾಗಿ ಬಂದುದು. ಅದನ್ನು ಅಳಿಸುವುದು ಯಾವ ಪ್ರವಾದಿಯ ಕೈಯಲ್ಲಿಯೂ ಇರಲಿಲ್ಲ, ಅಳಿಸುವ ಆವಶ್ಯಕತೆಯೂ ಅವರಿಗೆ ತೋರಲಿಲ್ಲ. ಬಳುವಳಿಯಾಗಿ ಬಂದ ಪದದೊಡನೆ ತಮ್ಮ ಏಕವಚನದ ಕ್ರಿಯಾಪದವನ್ನು ಮತ್ತೆ ಮತ್ತೆ, ಸಾವಿರಾರು ವಾಕ್ಯಗಳಲ್ಲಿ, ಶತಮಾನಗಳ ಪರ್ಯಂತ ಹೊಂದಿಸುತ್ತ ಹೋಗಿ ಅವರು ಆ ಪದದ ಅರ್ಥವನ್ನೇ ಹೊಸದಾಗಿ ಕಟ್ಟಿದರು. ‘ದೇವರು ದೊಡ್ಡವನು’ ಎನ್ನುವ ಕನ್ನಡಿಗರು ಇದನ್ನು ತಿಳಿಯಲು ಹೊಸ ಸಿದ್ಧಾಂತವನ್ನು ಕಲಿಯಬೇಕಾಗಿಲ್ಲ. ಪ್ರಾಚೀನ ಗ್ರಂಥದ ಯಾವುದೇ ಪದದ ಮೇಲೆ ಮತಸಿದ್ಧಾಂತದ ಭಾರವನ್ನು ಹೇರುವುದಕ್ಕೆ ಮುಂಚೆ ಅದರ ಜೊತೆಗಿರುವ ಕ್ರಿಯಾಪದವನ್ನು ಒಮ್ಮೆ ನೋಡುವ ತಾಳ್ಮೆಯನ್ನು ಓದುಗನು ಬೆಳೆಸಿಕೊಂಡರೆ, ಅರ್ಧದಷ್ಟು ವಿವಾದಗಳು ಹುಟ್ಟುವುದಕ್ಕೆ ಅವಕಾಶವೇ ಇರುವುದಿಲ್ಲ; ಉಳಿದ ಅರ್ಧ ವಿವಾದಗಳನ್ನು ಪರಸ್ಪರ ಗೌರವದಿಂದ ನಡೆಸುವುದೂ ಸಾಧ್ಯವಾಗುತ್ತದೆ.